ನೆಲಮುಗಿಲುಗಳ ವಿದ್ಯಾರ್ಥಿಗಳು

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ನೆತ್ತಿಯಲ್ಲಿ ಧರಿಸಿ ನಿಂತಿರುವ ಹೆಬ್ಬಂಡೆಯ ಮೇಲೆ, ಪ್ರಾತಃಕಾಲದ ವಾಯುಸೇವನೆಗೆಂದು ಬಂದಿದ್ದ ಜನಸಂದಣಿಯ ನಡುವೆ, ಕೆಲವು ದಿನಗಳ ಕೆಳಗೆ ಹತ್ತು ಹನ್ನೆರಡು ಮಂದಿ ಕಾಲೇಜಿನ ಹುಡುಗ ಹುಡುಗಿಯರು ಮಂಡಿಯೂರಿ ಕುಳಿತು, ಕಣ್ಣಿಗೆ ಲೆನ್ಸನ್ನು ಹಿಡಿದು, ಆ ಕಲ್ಲಿನ ಬಿಳಿ ಕಪ್ಪು ಪಟ್ಟೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದುದನ್ನು ಕಂಡೆನು. ಪಕ್ಕದಲ್ಲಿ ಹಾದುಹೋಗುತ್ತಿದ್ದ ವೃದ್ಧರೊಬ್ಬರು, "ಏನಮ್ಮಾ, ಏನಾದರೂ ಕಳೆದುಕೊಂಡಿರಾ?" ಎಂದು ಮರುಕದಿಂದ ಕೇಳಿದರು. "ಇಲ್ಲ ತಾತ, ಕಲ್ಲು ನೋಡ್ತಿದೀವಿ" ಎಂದಳು ಒಬ್ಬಳು. ವೃದ್ಧರು ಅರೆಗಳಿಗೆ ನಿಂತರು. ತಾವೂ ಬಗ್ಗಿ ಆ ಕಲ್ಲನ್ನು ನೋಡಿದರು. "ನಲವತ್ತು ವರ್ಷದಿಂದ ಇಲ್ಲಿ ಓಡಾಡುತ್ತಿದ್ದೇನೆ, ಇದರಲ್ಲಿ ನೋಡುವುದು ಏನಿದೆ ಎಂದು ಯಾರೂ ಹೇಳಲಿಲ್ಲ" ಎಂದರು.

ಅವರು ನೋಡಿದ ಆ ಕಲ್ಲಿನ ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಎಂಬವರು 1916ರಲ್ಲಿ ಈ ಜಾತಿಯ ಶಿಲೆಗೆ ಪೆನಿನ್ಸುಲರ್ ನೈಸ್ ಎಂದು ನಾಮಕರಣ ಮಾಡಿದರು. ಮುಂದೆ ಲಾಲ್‌ಬಾಗಿನ ಈ ಬಂಡೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಯಿತು. ಇಷ್ಟು ಗೌರವಕ್ಕೆ ಪಾತ್ರವಾದ ಬಂಡೆಯನ್ನು ನಲವತ್ತು ವರ್ಷ ತುಳಿದರೂ ಅದರ ಪರಿಚಯವಾಗಲಿಲ್ಲವೆಂದರೆ, ಆ ದೋಷ ಆ ಹಿರಿಯರದಲ್ಲ, ನಮ್ಮ ಶಿಕ್ಷಣಕ್ರಮದ್ದು. ನಮ್ಮ ಶಾಲೆಗಳಲ್ಲಿ ಬಂಡೆಯೂ ಮಳೆಯೂ ಮಾರುತವೂ ವಿಜ್ಞಾನದ ಪುಸ್ತಕದೊಳಗೆ ಬರುವುದು ಅಲ್ಪ; ಅವು ಸಮಾಜವಿಜ್ಞಾನದ ಭೂಗೋಳಭಾಗದಲ್ಲಿ, ರಾಜಧಾನಿಗಳ ಮತ್ತು ಬೆಳೆಗಳ ಪಟ್ಟಿಗಳ ನೆರೆಯಲ್ಲಿ, ಕಂಠಪಾಠದ ವಸ್ತುಗಳಾಗಿ ಕುಳಿತಿವೆ. ಪದವಿಪೂರ್ವ ತರಗತಿಯಲ್ಲಿ ಭೂವಿಜ್ಞಾನವೆಂಬ ಐಚ್ಛಿಕ ವಿಷಯವೊಂದು ಉಂಟಾದರೂ ಅದನ್ನು ಬೋಧಿಸುವ ಕಾಲೇಜುಗಳು ಅಪರೂಪ. ಬಿ.ಎಸ್ಸಿ.ಯಲ್ಲಿ ಅದಕ್ಕೆ ಸ್ವಲ್ಪ ಎಡೆಯುಂಟು. ಆದರೆ ವಾಯುಮಂಡಲದ ವಿಜ್ಞಾನವನ್ನು ಕ್ರಮವಾಗಿ ಕಲಿಯಬೇಕೆಂಬ ಹುಡುಗನು ನಮ್ಮ ದೇಶದಲ್ಲಿ ಬಹುಮಟ್ಟಿಗೆ ಸ್ನಾತಕೋತ್ತರ ಪದವಿಯವರೆಗೆ ಕಾಯಬೇಕು. ಹೀಗಾಗಿ, ಮುಂಗಾರು ಒಂದು ವಾರ ತಡೆದರೆ ಮಂತ್ರಿಮಂಡಲದಿಂದ ಹಿಡಿದು ಎತ್ತಿನ ಕೊಟ್ಟಿಗೆಯವರೆಗೆ ಆತಂಕ ಹಬ್ಬುವ ಈ ನಾಡಿನಲ್ಲಿ, ಮುಂಗಾರು ಏಕೆ ತಡೆಯಿತೆಂಬ ಪ್ರಶ್ನೆಯನ್ನು ಹದಿನೆಂಟು ವರ್ಷದ ವಿದ್ಯಾರ್ಥಿಯು ವಿಜ್ಞಾನದ ತರಗತಿಯಲ್ಲಿ ಎತ್ತುವ ಸಂದರ್ಭವೇ ಒದಗುವುದಿಲ್ಲ.

ಹಿಂದೆ ಹೀಗಿರಲಿಲ್ಲವೆಂಬುದಕ್ಕೆ ನಿದರ್ಶನವಿದೆ. 1894ರಲ್ಲಿ ಮೈಸೂರು ಸರ್ಕಾರವು ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿ, ದಕ್ಷಿಣ ಭಾರತದ ಶಿಲೆಗಳಲ್ಲಿ ಆಯುಷ್ಯವನ್ನು ಸವೆಸಿದ್ದ ರಾಬರ್ಟ್ ಬ್ರೂಸ್ ಫೂಟ್ ಅವರನ್ನು ಅದರ ಮೊದಲ ಮುಖ್ಯಸ್ಥರನ್ನಾಗಿ ಕರೆತಂದ ಕಾಲದಲ್ಲಿಯೇ, ಸಂಸ್ಥಾನದ ಮಳೆಯ ಲೆಕ್ಕವನ್ನು ಕ್ರಮಪಡಿಸಿ ಹವಾಮಾನದ ವರದಿಗಳನ್ನು ಬರೆಯುತ್ತಿದ್ದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾದ ಜಾನ್ ಕುಕ್ ಎಂಬವರು. ಪಾಠಶಾಲೆಗೂ ಆಕಾಶಕ್ಕೂ ಸಂಬಂಧವುಂಟೆಂದು ಆ ಕಾಲದ ಆಡಳಿತಗಾರರು ತಿಳಿದಿದ್ದರು. ಅದೇ ಕಾಲೇಜಿನಲ್ಲಿ ಓದಿದ ಬಿ. ಪಿ. ರಾಧಾಕೃಷ್ಣ ಅವರು ಮುಂದೆ, 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಸ್ಥಾಪನೆಗೆ ಕಾರಣರಾದವರಲ್ಲಿ ಪ್ರಮುಖರಾಗಿ, ಅದರ ಪತ್ರಿಕೆಯನ್ನು ದೀರ್ಘಕಾಲ ಪೋಷಿಸಿದರು.

ನೆಲದ ವಿದ್ಯೆಯನ್ನೂ ಮುಗಿಲಿನ ವಿದ್ಯೆಯನ್ನೂ ಬೇರೆ ಬೇರೆ ಕೊಠಡಿಗಳಲ್ಲಿ ಕೂಡಿಹಾಕಿದುದು ದೊಡ್ಡ ಪ್ರಮಾದವೆಂದು ನನ್ನ ದೃಢವಾದ ಅಭಿಪ್ರಾಯ. ಬಾಬಾಬುಡನ್ ಗಿರಿಯ ಕೆಂಪು ಕಪ್ಪು ಗೆರೆಗಳ ಕಬ್ಬಿಣದ ಶಿಲೆಯನ್ನು ಕೈಯಲ್ಲಿ ಹಿಡಿದ ವಿದ್ಯಾರ್ಥಿಯು ಅದನ್ನು ಬರಿಯ ಅದಿರೆಂದು ಬರೆದಿಟ್ಟರೆ ಅವನ ಪಾಠ ಅರ್ಧಕ್ಕೆ ನಿಂತಂತೆ. ಭೂಮಿಯ ಗಾಳಿಯಲ್ಲಿ ಆಮ್ಲಜನಕವು ಇಲ್ಲವೆನ್ನುವಷ್ಟು ಅಲ್ಪವಾಗಿದ್ದ ಯುಗದಲ್ಲಿ ಸಮುದ್ರದ ನೀರಿನೊಳಗೆ ಕಬ್ಬಿಣವು ಕರಗಿಯೇ ಇತ್ತು; ಸೂಕ್ಷ್ಮಜೀವಿಗಳು ಬಿಸಿಲನ್ನುಂಡು ಬಿಡುಗಡೆ ಮಾಡಿದ ಆಮ್ಲಜನಕವು ಆ ಕಬ್ಬಿಣದೊಡನೆ ಕೂಡಿ, ತುಕ್ಕಾಗಿ, ಪದರ ಪದರವಾಗಿ ತಳಕ್ಕಿಳಿಯಿತೆಂದು ವಿಜ್ಞಾನಿಗಳಲ್ಲಿ ಅನೇಕರು ತಿಳಿಯುತ್ತಾರೆ. ಚಿತ್ರದುರ್ಗದ ಶಿಲಾಪಟ್ಟಿಯ ಸುಣ್ಣಕಲ್ಲುಗಳಲ್ಲಿ ಅಂತಹ ಸೂಕ್ಷ್ಮಜೀವಿಗಳು ಕಟ್ಟಿದ ದಿಬ್ಬಗಳ ಗುರುತುಗಳು ಇಂದಿಗೂ ಉಳಿದಿವೆ. ನಾವು ಈಗ ಒಳಗೆಳೆದುಕೊಳ್ಳುತ್ತಿರುವ ಉಸಿರಿನ ಪೂರ್ವಚರಿತ್ರೆ ನಮ್ಮದೇ ಜಿಲ್ಲೆಗಳ ಕಲ್ಲಿನಲ್ಲಿ ಬರೆದಿರುವಾಗ, ಕಲ್ಲು ಒಬ್ಬ ಅಧ್ಯಾಪಕರಿಗೆ, ಗಾಳಿ ಇನ್ನೊಬ್ಬ ಅಧ್ಯಾಪಕರಿಗೆ ಎಂದು ಹಂಚಿಕೊಡುವುದು ಹೇಗೆ ಸಾಧ್ಯ? ಗಾಳಿಯ ಇಂಗಾಲಾಮ್ಲವಾಯುವನ್ನು ಹೀರಿಕೊಂಡು ಸುರಿಯುವ ಮಳೆಯ ನೀರು ಬಂಡೆಯನ್ನು ಮೆಲ್ಲಮೆಲ್ಲನೆ ಸವೆಸಿ, ಆ ಇಂಗಾಲವನ್ನು ನದಿಗಳ ಮೂಲಕ ಕಡಲಿಗೆ ಸಾಗಿಸಿ, ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಲೋಕದ ತಾಪವನ್ನು ಹದಗೊಳಿಸುತ್ತದೆ. ಪಶ್ಚಿಮಘಟ್ಟವೆಂಬ ಶಿಲಾಭಿತ್ತಿ ಅಡ್ಡನಿಂತಿರುವುದರಿಂದಲೇ ಆಗುಂಬೆಗೆ ವರ್ಷದಲ್ಲಿ 7,000 ಮಿಲಿಮೀಟರಿಗೂ ಮಿಕ್ಕ ಮಳೆ. ಅದರ ಮರೆಯಲ್ಲಿ ಪೂರ್ವಕ್ಕೆ ಬಿದ್ದ ಚಳ್ಳಕೆರೆಯ ಸೀಮೆಗೆ 500ರ ಆಸುಪಾಸು.

ಈ ವಿಭಜನೆಯಿಂದ ಆಗುವ ನಷ್ಟ ಕೇವಲ ಬೌದ್ಧಿಕವಾದುದಾಗಿದ್ದರೆ ನಾನು ಪತ್ರಿಕೆಗೆ ಬರೆಯುತ್ತಿರಲಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಮನೆಗಳನ್ನೂ ತೋಟಗಳನ್ನೂ ಮನುಷ್ಯರನ್ನೂ ಹೊತ್ತುಕೊಂಡು ಕುಸಿದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ರಸ್ತೆಯ ಮೇಲೆ ಜರಿದು ಗಂಗಾವಳಿ ನದಿಯವರೆಗೂ ಹೋಯಿತು. ಅದೇ ತಿಂಗಳ ಕೊನೆಯಲ್ಲಿ ನೆರೆಯ ವಯನಾಡಿನಲ್ಲಿ ಊರೂರೇ ಅಳಿದವು. ಇಂತಹ ದುರಂತವಾದ ಪ್ರತಿಸಲವೂ ಒಬ್ಬರು ಅತಿವೃಷ್ಟಿಯನ್ನು ದೂರುತ್ತಾರೆ, ಇನ್ನೊಬ್ಬರು ಗುಡ್ಡ ಕಡಿದವರನ್ನು ದೂರುತ್ತಾರೆ. ಆದರೆ ಬೆಟ್ಟ ಜರಿಯುವುದು, ದಿನಗಟ್ಟಲೆ ಹಿಡಿದ ಜಡಿಮಳೆ, ಅದನ್ನು ಕುಡಿದು ಭಾರವಾದ ಮಣ್ಣು, ಮಣ್ಣಿನ ಕೆಳಗೆ ನೀರಿಳಿಯದೆ ಜಾರುಹಾದಿಯಾದ ಶಿಲೆ, ಬುಡದಲ್ಲಿ ರಸ್ತೆಗೆಂದೋ ಮನೆಗೆಂದೋ ಕಡಿದ ಇಳಿಜಾರು, ಇವೆಲ್ಲವೂ ಒಂದೇ ರಾತ್ರಿ ಸಂಧಿಸಿದಾಗ. ಈ ನಾಲ್ಕನ್ನೂ ಒಟ್ಟಿಗೆ ನೋಡಬಲ್ಲ ಕಣ್ಣನ್ನು ತಯಾರುಮಾಡುವ ಪಾಠ ಯಾವ ತರಗತಿಯಲ್ಲಿದೆ? ದುರ್ಘಟನೆಯ ಅನಂತರ ದೆಹಲಿಯಿಂದಲೋ ಬೆಂಗಳೂರಿನಿಂದಲೋ ಬರುವ ತಜ್ಞರ ತಂಡದ ವರದಿ ಬೇಕಾದುದೇ. ಆದರೆ ಮಳೆಗಾಲಕ್ಕೆ ಮುಂಚೆ ಆ ಇಳಿಜಾರಿನಲ್ಲಿ ನಡೆದು, ನೆಲದ ಬಿರುಕನ್ನೂ, ವಾಲಿದ ಮರವನ್ನೂ, ಹೊಸದಾಗಿ ಚಿಮ್ಮಿದ ಒರತೆಯನ್ನೂ ಗುರುತಿಸಿ ಪಂಚಾಯತಿಗೆ ತಿಳಿಸಬಲ್ಲ ಪದವೀಧರನೊಬ್ಬ ಆ ತಾಲ್ಲೂಕಿನಲ್ಲಿಯೇ ಇರಬೇಕು.

ಬಯಲುಸೀಮೆಯಲ್ಲಿ ಇದೇ ಮಾತನ್ನು ಕೊಳವೆ ಬಾವಿಯ ಭಾಷೆಯಲ್ಲಿ ಹೇಳಬೇಕಾಗುತ್ತದೆ. ನೈಸ್ ಶಿಲೆಯ ಒಡಲಲ್ಲಿ ನೀರು ಮರಳಿನಲ್ಲಿ ತುಂಬಿಕೊಂಡಂತೆ ತುಂಬಿಕೊಂಡಿರುವುದಿಲ್ಲ. ಮೇಲಿನ ಶಿಥಿಲವಾದ ಪದರದಲ್ಲಿ ಸ್ವಲ್ಪ, ಕೆಳಗಿನ ಸೀಳುಗಳಲ್ಲಿ ಸ್ವಲ್ಪ. ಕಪ್ಪುಕಲ್ಲಿನ ಗೋಡೆಯೊಂದು ನೆಲದೊಳಗೆ ಅಡ್ಡ ಹಾದಿದ್ದರೆ ಅದರ ಒಂದು ಮಗ್ಗುಲಲ್ಲಿ ನೀರು ನಿಲ್ಲುತ್ತದೆ, ಮತ್ತೊಂದು ಮಗ್ಗುಲು ಒಣಗುತ್ತದೆ. ಇದನ್ನು ಬಲ್ಲವರು ಸಮೀಪದಲ್ಲಿಲ್ಲದುದರಿಂದ ನಮ್ಮ ರೈತನು ಅಂಗೈಯಲ್ಲಿ ತೆಂಗಿನಕಾಯಿಯನ್ನಿಟ್ಟುಕೊಂಡು ಹೊಲ ಸುತ್ತುವವರನ್ನು ಕರೆಸುತ್ತಾನೆ. ಸಾಲ ತಂದು ಒಂದು ಕೊರೆಸುತ್ತಾನೆ, ಅದು ಬರಿದಾದರೆ ಎರಡನೆಯದನ್ನು ಕೊರೆಸುತ್ತಾನೆ. ನನ್ನ ಹತ್ತಿರದ ಬಂಧುವೊಬ್ಬರು ನಾಲ್ಕನೆಯದರವರೆಗೂ ಹೋಗಿ ಜಮೀನಿನ ಒಂದು ಭಾಗವನ್ನು ಮಾರಿಕೊಂಡರು. ಅವರ ತಪ್ಪೆಂದು ನಾನು ಹೇಳಲಾರೆ. ಅವರ ಹೋಬಳಿಯಲ್ಲಿ ಶಿಲೆಯ ಸೀಳಿನ ದಿಕ್ಕನ್ನು ನೋಡಿ ಹೇಳುವ ಒಬ್ಬ ವ್ಯಕ್ತಿಯೂ ಇರಲಿಲ್ಲ.

ಹಾಗಾದರೆ ಇಂತಹ ವಿದ್ಯಾರ್ಥಿ ಎಲ್ಲಿ ತಯಾರಾಗಬೇಕು? ಗೋಡೆಗಳ ನಡುವೆಯಲ್ಲ. ಪ್ರಯೋಗಶಾಲೆಯಲ್ಲಿ ಕಲಿಯತಕ್ಕದ್ದು ಉಂಟು. ಶಿಲೆಯೊಂದನ್ನು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ, ಬೂದುಬಣ್ಣದ ಕಲ್ಲು ನೀಲಿ ಹಳದಿ ನೇರಳೆಗಳಿಂದ ಜ್ವಲಿಸುವುದನ್ನು ಕಂಡ ಹುಡುಗಿಯು ಆ ದಿನವನ್ನು ಮರೆಯಲಾರಳು. ಆದರೆ ವಿದ್ಯೆ ಮೈಗೂಡುವುದು ಟೋಪೋಶೀಟೆಂಬ ನೆಲದ ನಕ್ಷೆಯನ್ನು ಹರಡಿಕೊಂಡು, ಕ್ಲೈನೋಮೀಟರಿನಿಂದ ಪದರಗಳ ದಿಕ್ಕನ್ನೂ ಬಾಗನ್ನೂ ಅಳೆದು, ಸಂಜೆ ನೋವಿನ ಕಾಲುಗಳೊಡನೆ ಬಿಡಾರಕ್ಕೆ ಮರಳಿ, ನಕ್ಷೆಗೆ ಬಣ್ಣ ತುಂಬಿದಾಗ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ಪುರಾತನ ಸಮುದ್ರದಡಿಯಲ್ಲಿ ಹರಿದು ದಿಂಬುಗಳಂತೆ ಗಟ್ಟಿಯಾದ ಲಾವಾ ಇದೆ. ಮಲ್ಪೆಗೆದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ, ಭಾರತವೂ ಮಡಗಾಸ್ಕರವೂ ಅಗಲಿದ ಯುಗದ ಶಿಲಾಸ್ತಂಭಗಳಿವೆ. ಇವನ್ನು ನೋಡಲು ಪರದೇಶದ ವಿದ್ವಾಂಸರು ಬರುತ್ತಾರೆ; ನಮ್ಮ ಬಿ.ಎಸ್ಸಿ. ವಿದ್ಯಾರ್ಥಿಗೆ ಅಲ್ಲಿಗೆ ಬಸ್ಸಿನ ಹಣವಿಲ್ಲ. ಶೈಕ್ಷಣಿಕ ಪ್ರವಾಸವೆಂದರೆ ವಿನೋದವಿಹಾರವೆಂಬ ಭಾವನೆ ಅನೇಕ ಆಡಳಿತಮಂಡಲಿಗಳಲ್ಲಿ ಬೇರೂರಿದೆ. ಅಂತಹವರು ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿ ಅವರ 'ಹಸುರು ಹೊನ್ನು' ಗ್ರಂಥವನ್ನೊಮ್ಮೆ ಓದಬೇಕು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಅಧ್ಯಾಪಕರಿಂದ ಸಸ್ಯಶಾಸ್ತ್ರಕ್ಕಷ್ಟೇ ಅಲ್ಲದೆ ಕನ್ನಡಕ್ಕೂ ಎಂತಹ ಸಂಪತ್ತು ಒದಗಿತೆಂಬುದು ಅವರಿಗೆ ತಿಳಿಯುತ್ತದೆ. ಹೆಣ್ಣುಮಕ್ಕಳು ಈಗ ಈ ವಿಷಯಕ್ಕೆ ಬರುತ್ತಿದ್ದಾರೆ. ಅವರಿಗೆ ಕ್ಷೇತ್ರದಲ್ಲಿ ಸುರಕ್ಷಿತವಾದ ವಸತಿಯನ್ನೂ ಶೌಚದ ಅನುಕೂಲವನ್ನೂ ಕಲ್ಪಿಸದೆ, 'ಹುಡುಗಿಯರಿಗೆ ಬೆಟ್ಟ ಹತ್ತುವ ವಿದ್ಯೆ ಏಕೆ' ಎಂದು ಕೇಳುವುದು ಅನ್ಯಾಯ.

ತಂದೆತಾಯಿಗಳ ಪ್ರಶ್ನೆ ಬೇರೆ: ಇದನ್ನು ಓದಿದರೆ ಉದ್ಯೋಗವೇನು? ಪ್ರಶ್ನೆ ನ್ಯಾಯವಾದುದು. ಕೇಂದ್ರ ಲೋಕಸೇವಾ ಆಯೋಗವು ನಡೆಸುವ ಭೂವಿಜ್ಞಾನಿಗಳ ಪರೀಕ್ಷೆಗೆ ಸ್ನಾತಕೋತ್ತರ ಪದವಿ ಅಗತ್ಯ. ಮೂರು ವರ್ಷ ಕಲ್ಲುಮುಳ್ಳು ತುಳಿದು ಬಿ.ಎಸ್ಸಿ. ಮುಗಿಸಿದ ಹುಡುಗನಿಗೆ ತನ್ನ ವಿದ್ಯೆಯ ಹೆಸರಿನಲ್ಲಿ ತೆರೆದ ಬಾಗಿಲುಗಳು ಕೆಲವೇ. ಆದರೆ ಪದವಿಯ ಮಟ್ಟದ ವಿದ್ಯೆಯಿಂದ ಪ್ರಯೋಜನವಿಲ್ಲವೆಂಬುದನ್ನು ಮಾತ್ರ ನಾನು ಒಪ್ಪೆನು. ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ ಅವರ ಬಳಿ ವಜ್ರ ಮಾಣಿಕ್ಯಗಳ ಬೆಳಕನ್ನು ಕುರಿತು ಸಂಶೋಧನೆ ನಡೆಸಿದ ಅನ್ನಾ ಮಾಣಿ ಅವರಿಗೆ, ಸ್ನಾತಕೋತ್ತರ ಪದವಿಯಿಲ್ಲವೆಂಬ ಕಾರಣದಿಂದ ಡಾಕ್ಟರೇಟ್ ದೊರೆಯಲಿಲ್ಲ. ಆಕೆ 1948ರಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ಪರದೇಶಗಳಿಂದ ತರಿಸುತ್ತಿದ್ದ ಉಪಕರಣಗಳನ್ನು ಈ ದೇಶದಲ್ಲಿಯೇ ನಿರ್ಮಿಸುವಂತೆ ಮಾಡಿ, ಬಿಸಿಲನ್ನೂ ಗಾಳಿಯನ್ನೂ ಓಜೋನನ್ನೂ ಅಳೆಯುವ ಕಾರ್ಯಕ್ಕೆ ಭದ್ರವಾದ ತಳಹದಿಯನ್ನು ಹಾಕಿ, ಇಲಾಖೆಯ ಉಪಮಹಾನಿರ್ದೇಶಕಿಯಾಗಿ ನಿವೃತ್ತಿ ಹೊಂದಿ, ಬೆಂಗಳೂರಿಗೆ ಬಂದು ಮತ್ತೆ ಗಾಳಿಯ ಅಳತೆಯಲ್ಲಿಯೇ ತೊಡಗಿದರು. ಅವರಿಗಿದ್ದುದು ಬಿ.ಎಸ್ಸಿ. ಆನರ್ಸ್ ಪದವಿ.

ಉನ್ನತ ಸಂಶೋಧನೆಯೂ ನೆಲಕ್ಕಿಳಿದಾಗ ಏನಾಗುತ್ತದೆಂಬುದಕ್ಕೆ ಪಾವಗಡದ ಉದಾಹರಣೆಯೊಂದು ಸಾಕು. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು, ಮುಂಗಾರಿನ ಗಹನವಾದ ಗಣಿತವನ್ನು ಬಿಡಿಸುತ್ತಿದ್ದವರು, ಆ ಬರಸೀಮೆಯ ಕಡಲೆಕಾಯಿ ಬೆಳೆಗಾರರೊಡನೆ ಕುಳಿತು, ದಶಕಗಳ ಮಳೆಯ ಲೆಕ್ಕವನ್ನು ಮುಂದಿಟ್ಟುಕೊಂಡು, ಬಿತ್ತನೆಗೆ ತಕ್ಕ ಕಾಲವಾವುದೆಂದು ವಿಚಾರಿಸಿದರು. ಮೃಗಶಿರ, ಆರಿದ್ರೆ, ಪುನರ್ವಸು ಎಂದು ಹದಿಮೂರು ಹದಿನಾಲ್ಕು ದಿನಗಳ ಮಳೆನಕ್ಷತ್ರಗಳಲ್ಲಿ ಕಾಲವನ್ನೆಣಿಸುವ ರೈತನ ಜ್ಞಾನಕ್ಕೂ ಪ್ರಯೋಗಶಾಲೆಯ ಜ್ಞಾನಕ್ಕೂ ಸೇತುವೆಯೊಂದು ಸಾಧ್ಯವೆಂದು ಅದರಿಂದ ಸ್ಪಷ್ಟವಾಯಿತು. ಆ ಸೇತುವೆಯ ಮೇಲೆ ದಿನನಿತ್ಯ ನಡೆದಾಡತಕ್ಕವರು ಮಹಾವಿಜ್ಞಾನಿಗಳಲ್ಲ. ರೈತನ ಭಾಷೆಯನ್ನು ಬಲ್ಲ, ಅದೇ ಊರಿನ, ಇಪ್ಪತ್ತೊಂದು ವರ್ಷದ ಪದವೀಧರರು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳ ಮಟ್ಟದಲ್ಲಿಯೂ ಮಳೆಮಾಪಕಗಳನ್ನು ನಿಲ್ಲಿಸಿದೆ. ಅಂಕಿಗಳು ಹರಿದುಬರುತ್ತಿವೆ, ಅವನ್ನು ಆ ಊರಿನ ಮಣ್ಣಿಗೂ ಇಳಿಜಾರಿಗೂ ಹೊಂದಿಸಿ ಅರ್ಥ ಹೇಳುವವರು ಬೇಕು.

ಆದುದರಿಂದ ಸರ್ಕಾರವು ತಾಲ್ಲೂಕಿಗೊಬ್ಬರಂತೆ, ಭೂವಿಜ್ಞಾನವನ್ನೂ ಹವಾಮಾನವನ್ನೂ ಕೂಡಿಸಿ ಓದಿದ ಪದವೀಧರರನ್ನು ನೇಮಿಸಬೇಕೆಂದೂ, ವಿದ್ಯಾರ್ಥಿಗಳ ಸಂಖ್ಯೆ ಕಡಿಮೆಯೆಂಬ ನೆಪದಲ್ಲಿ ಕಾಲೇಜುಗಳಲ್ಲಿ ಈ ವಿಷಯಗಳ ವಿಭಾಗಗಳನ್ನು ಮುಚ್ಚಬಾರದೆಂದೂ ಕೇಳುವುದು ಅತಿಯಾದ ಬೇಡಿಕೆಯಲ್ಲ. ಹುದ್ದೆಯಿದ್ದರೆ ವಿದ್ಯಾರ್ಥಿ ಬರುತ್ತಾನೆ, ವಿದ್ಯಾರ್ಥಿ ಬಂದರೆ ವಿಭಾಗ ಉಳಿಯುತ್ತದೆ. ಇದು ಆಗುವುದಕ್ಕೆ ಕಾಲ ಹಿಡಿದೀತು. ಅದುವರೆಗೆ ಕಾಲೇಜುಗಳ ಪ್ರಿನ್ಸಿಪಾಲರಲ್ಲಿ ನನ್ನದೊಂದು ಪ್ರಾರ್ಥನೆ. ಮಳೆಮಾಪಕಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಮುಂದಿನ ಜೂನ್ ತಿಂಗಳೊಳಗಾಗಿ ತಮ್ಮ ಕಾಲೇಜಿನ ಅಂಗಳದಲ್ಲಿ, ಮರದ ನೆರಳೂ ಕಟ್ಟಡದ ಮರೆಯೂ ಇಲ್ಲದ ಜಾಗದಲ್ಲಿ, ಒಂದನ್ನು ನಿಲ್ಲಿಸಿರಿ. ನಮ್ಮ ದೇಶದಲ್ಲಿ ಮಳೆಯ ದಿನವನ್ನು ಲೆಕ್ಕಹಾಕುವುದು ಬೆಳಗ್ಗೆ 8.30ಕ್ಕೆ; ಭಾನುವಾರವೆನ್ನದೆ, ರಜೆಯೆನ್ನದೆ, ಆ ಹೊತ್ತಿಗೆ ಸರಿಯಾಗಿ ಬಂದು ಅದನ್ನು ಓದಿ ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಮೊದಲನೆಯ ವರ್ಷದ ಒಬ್ಬ ವಿದ್ಯಾರ್ಥಿಗೆ ವಹಿಸಿಕೊಡಿರಿ.