ಓದುತ್ತಿರುವ ಪ್ಲೇಯರಿನ ಲೆನ್ಸ್ ಒರೆಸಬೇಕೆ?

ಯುಗಾದಿಗೋ ದೀಪಾವಳಿಗೋ ಮನೆ ಗುಡಿಸಿ ಒರೆಸುವಾಗ ಟೀವಿ ಕೆಳಗಿನ ಡಿವಿಡಿ ಪ್ಲೇಯರಿನ ಮೇಲೂ ಬಟ್ಟೆ ಆಡುತ್ತದೆ. ಅದಕ್ಕೆ ಯಾರ ತಕರಾರೂ ಇಲ್ಲ. ತಕರಾರು ಇರುವುದು ಒಳಗಿನ ಲೆನ್ಸಿನ ವಿಷಯದಲ್ಲಿ. ಆರು ತಿಂಗಳಿಗೊಮ್ಮೆ ಕ್ಲೀನರ್ ಡಿಸ್ಕ್ ಹಾಕಿ ತಿರುಗಿಸಿದರೆ ಪ್ಲೇಯರ್ ಹೆಚ್ಚು ಕಾಲ ಬಾಳುತ್ತದೆ ಎಂದು ನಂಬಿದವರು ಬೇಕಾದಷ್ಟು ಜನ. ಸರಿಯಾಗಿ ಓದುತ್ತಿರುವ ಪ್ಲೇಯರಿನ ಲೆನ್ಸಿಗೆ ಕೈ ಹಾಕಲೇಬಾರದು, ಓದಲು ತಡವರಿಸಿದರೂ ಮೊದಲು ಡಿಸ್ಕಿನ ಮೇಲೆ ಅನುಮಾನ ಪಡಬೇಕು ಎನ್ನುವವನು ನಾನು.

ಕಾಲಕಾಲಕ್ಕೆ ಒರೆಸುವ ಈ ರೂಢಿ ಟೇಪ್ ರೆಕಾರ್ಡರಿನಿಂದ ಬಂದದ್ದು. ಅಲ್ಲಿ ಅದು ನ್ಯಾಯವೇ ಆಗಿತ್ತು. ಕ್ಯಾಸೆಟ್ಟಿನ ಟೇಪು ಹೆಡ್ಡಿಗೆ ಉಜ್ಜಿಕೊಂಡೇ ಓಡುತ್ತದೆ, ಅದರ ಕಂದು ಪುಡಿ ಹೆಡ್ಡಿಗೂ ರಬ್ಬರ್ ರೋಲರಿಗೂ ಮೆತ್ತಿಕೊಳ್ಳುತ್ತದೆ. ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದರೆ ಹತ್ತಿ ಕಂದಾಗುತ್ತಿತ್ತು, ಮಂಕಾಗಿದ್ದ ದನಿ ಬಿಚ್ಚಿಕೊಳ್ಳುತ್ತಿತ್ತು. 1982ರಲ್ಲಿ ಸೋನಿಯ ಮೊದಲ ಸಿಡಿ ಪ್ಲೇಯರ್ ಜಪಾನಿನ ಅಂಗಡಿಗಳಿಗೆ ಬಂದಾಗ ಈ ಉಜ್ಜಾಟವೇ ನಿಂತುಹೋಯಿತು. ಲೆನ್ಸ್ ಡಿಸ್ಕಿನಿಂದ ಒಂದೆರಡು ಮಿಲಿಮೀಟರ್ ದೂರದಲ್ಲೇ ಇರುತ್ತದೆ. ಡಿಸ್ಕನ್ನು ಮುಟ್ಟುವುದು ಬೆಳಕು ಮಾತ್ರ. ಯಂತ್ರ ಬದಲಾದರೂ ನಮ್ಮ ಕೈಯ ಅಭ್ಯಾಸ ಬದಲಾಗಲಿಲ್ಲ.

ಸಿಡಿಯಲ್ಲಿ ಹಾಡು ಇರುವುದು ನಮ್ಮ ಬೆರಳು ತಾಗುವ ಹೊಳೆಯುವ ಮೈಮೇಲಲ್ಲ, 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟಿನ ಆಚೆ, ಲೇಬಲ್ಲಿನ ಕೆಳಗೇ. ಲೇಸರ್ ಕಿರಣ ಡಿಸ್ಕಿನೊಳಗೆ ಹೊಗುವಾಗ ಮುಕ್ಕಾಲು ಮಿಲಿಮೀಟರಿನಷ್ಟು ಅಗಲವಿರುತ್ತದೆ; ಹಾಡನ್ನು ಅಂಕಿಗಳಾಗಿ ಹೊತ್ತ ಗುಳಿಗಳ ಸಾಲನ್ನು ತಲುಪುವ ಹೊತ್ತಿಗೆ ಎರಡು ಮೈಕ್ರಾನಿಗೂ ಕಿರಿದಾಗುತ್ತದೆ. ಹೀಗಾಗಿ ಮೇಲೆ ಕೂತ ದೂಳಿನ ಕಣ ಅದಕ್ಕೆ ಬರೀ ಮಸುಕು ನೆರಳು. ಅಷ್ಟಾಗಿಯೂ ಏನಾದರೂ ಕಾಣದೆ ಹೋದರೆ ರೀಡ್–ಸಾಲೊಮನ್ ಸಂಕೇತ ಕೈಹಿಡಿಯುತ್ತದೆ. ಅಂಕಿಗಳನ್ನು ಚದುರಿಸಿ, ಜೊತೆಗೆ ಹೆಚ್ಚುವರಿ ಅಂಕಿಗಳನ್ನೂ ಸೇರಿಸಿ ಬರೆದಿರುವುದರಿಂದ ಸಾಲಿನುದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಅಳಿಸಿಹೋದರೂ ಮೂಲವನ್ನು ಲೆಕ್ಕದಿಂದಲೇ ಇದ್ದ ಹಾಗೆ ಮರಳಿ ಪಡೆಯಬಹುದು. ಲೆನ್ಸ್ ಒರೆಸಿದ ಮೇಲೆ ವೀಣೆಯ ನಾದಕ್ಕೆ ಹೊಸ ಹೊಳಪು ಬಂತು ಎನ್ನುವವರ ಮಾತು ನನ್ನ ಕಿವಿಗೆ ಹೋಗದಿರುವುದು ಇದೇ ಕಾರಣಕ್ಕೆ. ತಿದ್ದಿ ಪಡೆದ ಅಂಕಿ ನೇರವಾಗಿ ಓದಿದ ಅಂಕಿಗಿಂತ ಕರ್ಕಶವಾಗಿ ಕೇಳಿಸುವುದಿಲ್ಲ. ತಿದ್ದಲಾಗದಷ್ಟು ಲೋಪವಾದರೆ ಪ್ಲೇಯರ್ ಅಕ್ಕಪಕ್ಕದ ಅಂಕಿ ನೋಡಿ ಅಂದಾಜಿನಲ್ಲಿ ತುಂಬುತ್ತದೆ, ಅದೂ ಆಗದಿದ್ದರೆ ತಟ್ಟನೆ ಸದ್ದಡಗಿಸುತ್ತದೆ, ಇಲ್ಲವೇ ಹಾಡು ಹಾರುತ್ತದೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ತಪ್ಪನ್ನು ಇಷ್ಟು ಚೆನ್ನಾಗಿ ಮುಚ್ಚಿಕೊಳ್ಳುವ ಯಂತ್ರ ತೊಂದರೆ ತೋರಿಸುವ ಹೊತ್ತಿಗೆ ಲೆನ್ಸಿನ ಮೇಲೆ ಕೊಳೆ ಸಾಕಷ್ಟು ಕೂತಿರುತ್ತದಲ್ಲ, ಮೊದಲೇ ಒರೆಸುವುದು ಜಾಣತನವಲ್ಲವೆ? ಕಾದದ್ದರಿಂದ ಏನಾದರೂ ಕೆಡುವಂತಿದ್ದರೆ ಒಪ್ಪುತ್ತಿದ್ದೆ. ದೂಳು ಲೆನ್ಸನ್ನು ತಿನ್ನುವುದಿಲ್ಲ. ಇವತ್ತು ಹೋಗುವ ದೂಳು ವರ್ಷ ಬಿಟ್ಟರೂ ಹೋಗುತ್ತದೆ. ಅಪಾಯವಿರುವುದು ಒರೆಸುವುದರಲ್ಲಿ, ಅದೂ ಪ್ರತಿ ಸಲ. ನಾಲ್ಕೈದು ಮಿಲಿಮೀಟರ್ ಅಗಲದ, ನೀಲಿ ಛಾಯೆಯ ತೆಳು ಲೇಪವಿರುವ ಆ ಲೆನ್ಸ್ ಹೆಚ್ಚಾಗಿ ಪ್ಲಾಸ್ಟಿಕ್ಕಿನದು. ಡಿಸ್ಕ್ ತುಸು ಓಲಾಡಿದರೂ ಹೊಂದಿಕೊಳ್ಳಲೆಂದು ಅದನ್ನು ಕೂದಲೆಳೆಯ ತಂತಿಗಳ ಮೇಲೆ ತೊಟ್ಟಿಲಿನಂತೆ ತೂಗಿಬಿಟ್ಟಿರುತ್ತಾರೆ. ಒತ್ತಿ ಒರೆಸಿದರೆ ತಂತಿ ಸೊಟ್ಟಗಾಗುತ್ತದೆ, ಒರಟು ಬಟ್ಟೆಗೆ ಲೇಪ ಗೀರುತ್ತದೆ. ಪುಟ್ಟ ಬ್ರಷ್ ಅಂಟಿಸಿದ ಕ್ಲೀನರ್ ಡಿಸ್ಕನ್ನು ಬಳಸಬೇಡಿ ಎಂದು ಎಷ್ಟೋ ಪ್ಲೇಯರುಗಳ ಕೈಪಿಡಿಯಲ್ಲೇ ಅಚ್ಚಾಗಿದೆ. ಕೈಪಿಡಿ ಓದುವವರು ಯಾರು, ಆ ಮಾತು ಬೇರೆ.

ಮುಟ್ಟಿದ್ದರಿಂದಲೇ ಕೆಡುವುದು ಪ್ಲೇಯರ್ ಒಂದೇ ಅಲ್ಲ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನ ಕೋಸ್ಟಲ್ ಕಮಾಂಡಿನ ವಿಮಾನಗಳ ರಿಪೇರಿ ಲೆಕ್ಕ ತೆಗೆದು ನೋಡಿದ ಜೀವವಿಜ್ಞಾನಿ ಸಿ. ಎಚ್. ವಾಡಿಂಗ್ಟನ್‌ಗೆ ಒಂದು ವಿಚಿತ್ರ ಕಂಡಿತು. ವಾಯಿದೆಯ ಪ್ರಕಾರ ತಪಾಸಣೆ ಮುಗಿಸಿಕೊಂಡು ಬಂದ ವಿಮಾನಗಳಲ್ಲೇ ರಿಪೇರಿ ಹೆಚ್ಚಾಗುತ್ತಿತ್ತು, ಹಾರಾಟದ ಗಂಟೆಗಳು ಕಳೆದಂತೆ ಅದು ಇಳಿಯುತ್ತಿತ್ತು. ಬಿಚ್ಚಿ ಜೋಡಿಸುವ ಕೈಗಳೇ ದೋಷವನ್ನೂ ಹುಟ್ಟಿಸುತ್ತಿದ್ದವು. ವಿಮಾನ ಕೆಟ್ಟರೆ ಪ್ರಾಣ ಹೋಗುತ್ತದೆ, ಆದ್ದರಿಂದ ತಪಾಸಣೆ ಬಿಡುವಂತಿಲ್ಲ. ಪ್ಲೇಯರ್ ಕೆಟ್ಟರೆ ಒಂದು ಸಂಜೆಯ ಯಕ್ಷಗಾನ ಪ್ರಸಂಗ ಅರ್ಧಕ್ಕೆ ನಿಲ್ಲಬಹುದು, ಅಷ್ಟೇ. ಇಷ್ಟು ಸಣ್ಣ ನಷ್ಟ ತಪ್ಪಿಸಲು ವಾಯಿದೆ ಹಾಕಿಕೊಳ್ಳುವುದು ನನಗೆ ಅತಿ ಎನಿಸುತ್ತದೆ.

ಹಾಗಾದರೆ ಯಾವಾಗ? ಒಂದೇ ಡಿಸ್ಕ್ ಹಾರಿದರೆ ತಪ್ಪು ಆ ಡಿಸ್ಕಿನದು. ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತಲೂ ತಿರುಗಿಸಿ ಒರೆಸಿದಾಗ ಗೀರು ಬಿದ್ದರೆ ಅದು ಸಾಲಿನುದ್ದಕ್ಕೇ ಹರಿಯುತ್ತದೆ, ತಿದ್ದುವ ಲೆಕ್ಕಕ್ಕೂ ನಿಲುಕುವುದಿಲ್ಲ. ನಾಲ್ಕಾರು ಒಳ್ಳೆಯ ಡಿಸ್ಕುಗಳೂ ತಡವರಿಸತೊಡಗಿದರೆ ಆಗ ಲೆನ್ಸಿನ ಸರದಿ. ಅಂಗಡಿಯಲ್ಲಿ ಕೊಂಡ ಸಿಡಿ ಹಾಡುತ್ತದೆ, ಮನೆಯಲ್ಲಿ ಬರೆದುಕೊಂಡದ್ದು ಹಾಡುವುದಿಲ್ಲ ಎನ್ನುವುದು ಮೊದಲ ಸುಳಿವು. ಬರೆದ ಡಿಸ್ಕುಗಳು, ಅದರಲ್ಲೂ ಅಳಿಸಿ ಬರೆಯುವಂಥವು, ಬೆಳಕನ್ನು ಕಡಿಮೆ ಮರಳಿಸುತ್ತವೆ; ಲೆನ್ಸ್ ಮಂಕಾದರೆ ಮೊದಲು ತಡವರಿಸುವುದು ಅವೇ. ದೇವರ ಗೂಡಿನ ಪಕ್ಕದಲ್ಲೋ ಅಡುಗೆಮನೆಯ ಬಾಗಿಲಿಗೆ ಎದುರಾಗಿಯೋ ಇಟ್ಟ ಪ್ಲೇಯರಿಗೆ ಈ ಗತಿ ಬೇಗ ಬರುತ್ತದೆ. ಊದುಬತ್ತಿಯ ಹೊಗೆ, ಒಗ್ಗರಣೆಯ ಜಿಡ್ಡು ದೂಳಿನಂತೆ ಉದುರುವುದಿಲ್ಲ, ಪೊರೆಯಾಗಿ ಕೂರುತ್ತವೆ. ಒರೆಸುವುದಕ್ಕಿಂತ ಪ್ಲೇಯರಿನ ಜಾಗ ಬದಲಿಸುವುದು ಲೇಸು.

ಒರೆಸಲೇಬೇಕಾದರೆ ಪ್ಲಗ್ ಕಿತ್ತಿಡಿ. ಒಳಗಿನ ಲೇಸರ್ ಕಣ್ಣಿಗೆ ಕೆಟ್ಟದ್ದು, ಸಿಡಿಯದಂತೂ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಮೊದಲು ಕ್ಯಾಮೆರಾದವರು ಬಳಸುವ ರಬ್ಬರ್ ಬ್ಲೋವರಿನಿಂದ ಗಾಳಿ ಹಾಕಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಅದಕ್ಕೂ ಬಗ್ಗದಿದ್ದರೆ ಹತ್ತಿಯ ಕಡ್ಡಿಗೆ ಒಂದೇ ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಲೆನ್ಸ್ ಕೆಳಗೆ ತಗ್ಗದಷ್ಟು ಹಗುರವಾಗಿ ಸವರಿ. ಕೋವಿಡ್ ಕಾಲದ ಸ್ಯಾನಿಟೈಸರ್ ಬಾಟಲಿ ಇನ್ನೂ ಕಪಾಟಿನಲ್ಲಿರುತ್ತದೆ, ಅದರಲ್ಲೂ ಆಲ್ಕೊಹಾಲ್ ತಾನೆ ಎಂದು ಕೈ ಹೋಗಬಹುದು. ಕೈ ಒಣಗದಿರಲೆಂದು ಅದಕ್ಕೆ ಗ್ಲಿಸರಿನ್ ಬೆರೆಸಿರುತ್ತಾರೆ. ಆಲ್ಕೊಹಾಲ್ ಆರಿದ ಮೇಲೂ ಅದು ಲೆನ್ಸಿನ ಮೇಲೆ ಉಳಿಯುತ್ತದೆ. ಥಿನ್ನರ್ ಅಂತೂ ಪ್ಲಾಸ್ಟಿಕ್ಕನ್ನೇ ಕರಗಿಸೀತು.

ಇಷ್ಟಾದರೂ ಓದದಿದ್ದರೆ ಎರಡನೆಯ ಸಲ ತಿಕ್ಕುವುದು ದಂಡ. ಲೇಸರ್ ವಯಸ್ಸಾಗಿ ಸೊರಗಿರಬಹುದು, ಮೋಟಾರ್ ಸೋತಿರಬಹುದು, ಲೆನ್ಸ್ ಗಾಡಿ ಸರಿಯುವ ಹಳಿಯ ಗ್ರೀಸ್ ಗಟ್ಟಿಯಾಗಿರಬಹುದು. ರಿಪೇರಿಯವರು ‘ಲೆನ್ಸ್ ವೀಕ್ ಆಗಿದೆ ಸಾರ್’ ಎನ್ನುವುದು ಸಾಮಾನ್ಯವಾಗಿ ಲೆನ್ಸ್, ಲೇಸರ್ ಎರಡೂ ಸೇರಿದ ಇಡೀ ಪಿಕಪ್ಪನ್ನು ಕುರಿತು. ಕೆಲವರು ಅದರಲ್ಲಿನ ಪುಟ್ಟ ತಿರುಪು ತಿರುವಿ ಲೇಸರಿಗೆ ಕರೆಂಟು ಹೆಚ್ಚಿಸಿ ಕೊಡುತ್ತಾರೆ. ಪ್ಲೇಯರ್ ಅವತ್ತು ಚೆನ್ನಾಗಿ ಓದುತ್ತದೆ, ಸೊರಗಿದ ಲೇಸರ್ ಇನ್ನಷ್ಟು ಬೇಗ ಮುಗಿಯುತ್ತದೆ. ಹಳೆಯ ಮಾಡೆಲ್ಲಿನ ಪಿಕಪ್ ಸಿಗುವುದೂ ಈಗ ಕಷ್ಟ. ಮದುವೆಯ ವಿಡಿಯೋ, ಅಜ್ಜನ ದನಿ ಇರುವ ಡಿಸ್ಕು ಮನೆಯಲ್ಲಿದ್ದರೆ, ಯಾವುದಾದರೂ ಡ್ರೈವ್ ಅದನ್ನು ಓದುತ್ತಿರುವಾಗಲೇ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಲೆನ್ಸ್ ಒರೆಸಬೇಕೋ ಬೇಡವೋ ಎಂಬ ಚರ್ಚೆಯನ್ನು ಆಮೇಲೆ ಎಷ್ಟು ಹೊತ್ತು ಬೇಕಾದರೂ ಮಾಡಬಹುದು.