ಗುರಿಯ ಗುಂಡು, ಬೇಟೆಯ ಗುಂಡು

ಮಕರ ಸಂಕ್ರಾಂತಿಯ ಹೊತ್ತಿಗೆ ಹೆಮ್ಮಾಡಿಯ ಸೇವಂತಿಗೆ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಹೋಗುವುದನ್ನು ಕುಂದಾಪುರದ ಕಡೆಯವರೆಲ್ಲರೂ ಬಲ್ಲರು. ಅದೇ ಹೆಮ್ಮಾಡಿಯಿಂದ ಕವಲೊಡೆದು ಕೊಲ್ಲೂರಿಗೆ ಸಾಗುವ ದಾರಿ ಘಟ್ಟದ ಬುಡವನ್ನು ಸಮೀಪಿಸಿದಂತೆಲ್ಲ ರೈತನ ಮಾತು ಹೂವನ್ನು ಬಿಟ್ಟು ಹಂದಿಯ ಕಡೆಗೆ ಹೊರಳುತ್ತದೆ. ಒಂದೇ ರಾತ್ರಿಯಲ್ಲಿ ಗದ್ದೆಯನ್ನು ಉತ್ತಂತೆ ಮಾಡಿಹೋಗುವ ಈ ಪ್ರಾಣಿಯ ದೆಸೆಯಿಂದಲೇ ಕರಾವಳಿಯ ಅನೇಕ ಮನೆಗಳಲ್ಲಿ ಬೆಳೆರಕ್ಷಣೆಯ ಪರವಾನಗಿ ಪಡೆದ ಕೋವಿಗಳಿವೆ. ಚುನಾವಣೆ ಬಂತೆಂದರೆ ಅವು ಪೊಲೀಸ್ ಠಾಣೆ ಸೇರುತ್ತವೆ. ಹಂದಿಗಳಿಗೆ ಮಾತ್ರ ನೀತಿಸಂಹಿತೆ ಅನ್ವಯಿಸುವುದಿಲ್ಲವಲ್ಲ ಎಂದು ರೈತರು ಗೊಣಗುತ್ತಾರೆ.

ಕೋವಿಯ ಮಾತು ಬಂದಲ್ಲಿ ಒಂದು ವಾದ ಹುಟ್ಟುವುದುಂಟು. ಸ್ಪರ್ಧೆಯಲ್ಲಿ ಕೂದಲೆಳೆಯಷ್ಟೂ ತಪ್ಪದ ರೈಫಲ್ ಗುಂಡು ಪ್ರಾಣಿಗೇಕೆ ಆಗದು? ನೋಡುವುದಕ್ಕೆ ನ್ಯಾಯವಾದ ಪ್ರಶ್ನೆಯೇ. ಆದರೆ ಗುರಿಹಲಗೆಗೂ ಜೀವಕ್ಕೂ ಇರುವ ಅಂತರವನ್ನು ಅದು ಮರೆತಿದೆ. ಹಲಗೆಯಲ್ಲಿ ತೂತು ಬಿದ್ದರೆ ಗುಂಡಿನ ಕೆಲಸ ಮುಗಿಯಿತು. ಪ್ರಾಣಿಯ ಮೈಯಲ್ಲಿ ಅದರ ಕೆಲಸ ಆರಂಭವಾಗುವುದೇ ತೂತು ಬಿದ್ದ ಮೇಲೆ.

ಸ್ಪರ್ಧೆಯ ಗುಂಡನ್ನು ರೂಪಿಸುವವರ ಲಕ್ಷ್ಯವೆಲ್ಲ ಗಾಳಿಯಲ್ಲಿನ ಪಯಣದ ಮೇಲೆ. ಸೀಸದ ತಿರುಳಿಗೆ ತಾಮ್ರಮಿಶ್ರಲೋಹದ ಕವಚವನ್ನು ಹಿಂಬದಿಯಿಂದ ತೊಡಿಸಿ ಮೂತಿಯ ಕಡೆಗೆ ಎಳೆಯುತ್ತಾರೆ. ಹಿಂಭಾಗ ಏಕರೂಪವಾಗಿ ನಿಲ್ಲುತ್ತದೆ. ಮೂತಿಯಲ್ಲೊಂದು ಸೂಕ್ಷ್ಮ ರಂಧ್ರ ಉಳಿಯುತ್ತದೆ. ಈ ರಂಧ್ರವನ್ನು ಕಂಡು ಅದು ಅರಳುವ ಗುಂಡೆಂದು ಮೋಸಹೋಗಬಾರದು. ಮೈಗೆ ತಾಕಿದಾಗ ಅದು ಸೂಜಿಯಂತೆ ಆಚೆ ಹಾಯ್ದೀತು, ಇಲ್ಲವೇ ಮೇಲುಮೇಲಿನ ಮಾಂಸದಲ್ಲಿಯೇ ಚೂರಾದೀತು. ಯಾವುದೆಂದು ಮುಂಚಿತವಾಗಿ ಹೇಳಬರುವುದಿಲ್ಲ. ಬೇಟೆಯ ಗುಂಡಾದರೋ ಮೂತಿಯಲ್ಲಿ ಮೆದು ಸೀಸವನ್ನು ತೋರಿಸಿಕೊಂಡು, ತಾಕಿದೊಡನೆ ಅಣಬೆಯಂತೆ ಅರಳಿ, ತನ್ನ ಶಕ್ತಿಯನ್ನು ಒಳಗೇ ವ್ಯಯಿಸುವಂತೆ ರಚಿತವಾದುದು.

ಶಕ್ತಿಯ ಲೆಕ್ಕವೂ ಗಮನಾರ್ಹ. 50 ಮೀಟರ್ ಸ್ಪರ್ಧೆಯಲ್ಲಿ ಬಳಸುವ .22 ಗುಂಡಿನ ತೂಕ ಸುಮಾರು 2.6 ಗ್ರಾಂ, ಶಕ್ತಿ ಸುಮಾರು 140 ಜೂಲ್. ಪೂರ್ಣಚಂದ್ರ ತೇಜಸ್ವಿಯವರ ಅನುವಾದಗಳಿಂದ ಕನ್ನಡಿಗರಿಗೆ ಆಪ್ತನಾದ ಕೆನೆತ್ ಆಂಡರ್ಸನ್ ಹಿಡಿಯುತ್ತಿದ್ದ .405 ವಿಂಚೆಸ್ಟರ್ ರೈಫಲಿನ ಗುಂಡು ಸುಮಾರು 19 ಗ್ರಾಂ; ಅದರ ಶಕ್ತಿ ಮೊದಲಿನದಕ್ಕಿಂತ ಮೂವತ್ತು ಪಟ್ಟು.

ಇಲ್ಲೊಂದು ವಿಪರ್ಯಾಸವಿದೆ. ಅರಳುವ ಗುಂಡುಗಳಿಗೆ ಜಗತ್ತಿನಲ್ಲೆಲ್ಲ ‘ದಮ್‌ದಮ್’ ಎಂಬ ಹೆಸರು ಬಂದದ್ದು ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಾಗಾರದಿಂದ. ಅವು ಕ್ರೂರವೆಂದು 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅವನ್ನು ನಿಷೇಧಿಸಿತು. ಆದರೆ ಇಂಗ್ಲೆಂಡಿನ 1991ರ ಜಿಂಕೆ ಕಾಯಿದೆ, ಜಿಂಕೆಗೆ ರೈಫಲ್ ಬಳಸುವುದಾದರೆ ಅರಳುವ ಗುಂಡೇ ಆಗಬೇಕೆಂದು ವಿಧಿಸುತ್ತದೆ. ಯೋಧನನ್ನು ಕಾದಾಟದಿಂದ ಹಿಂದೆಗೆಸಿದರೆ ಸಾಕು, ಅವನಿಗೆ ವೈದ್ಯನಿದ್ದಾನೆ. ಗಾಯಗೊಂಡು ಪೊದೆ ಹೊಕ್ಕ ಹಂದಿಗೆ ಯಾರಿದ್ದಾರೆ? ಅದು ನಾಲ್ಕು ದಿನ ನರಳಿ ಸಾಯಬೇಕು. ಇಲ್ಲವೇ ಬೆಳಿಗ್ಗೆ ಸೊಪ್ಪು ಕಡಿಯಲು ಹೋದವನ ತೊಡೆಯನ್ನು ಸೀಳಬೇಕು.

ಮೈಯನ್ನು ಹಾಯ್ದುಹೋದ ಗುಂಡು ಆಚೆಯೂ ಓಡುತ್ತದೆ. ಗದ್ದೆಗೊಂದು ಮನೆಯಿರುವ ನಮ್ಮ ಕರಾವಳಿಯಲ್ಲಿ ಆಚೆ ಎಂದರೆ ನೆರೆಮನೆಯ ಅಂಗಳ. ನಮ್ಮ ಕಡೆಯ ಕೋವಿಗಳಲ್ಲಿ ಬಹುಪಾಲು ರೈಫಲುಗಳಲ್ಲ, ಚರೆ ತುಂಬುವಂಥವು. ಹಾಗಿದ್ದರೂ ಪಕ್ಷಿಗೆ ತಕ್ಕ ಸಣ್ಣ ಚರೆಯನ್ನು ಹಂದಿಗೆ ಹೊಡೆಯುವವನು ಮಾಡುವುದು ಇದೇ ತಪ್ಪನ್ನು.

ಗುಂಡನ್ನು ಆರಿಸುವುದಕ್ಕೆ ಮೊದಲು ಇತ್ಯರ್ಥವಾಗಬೇಕಾದದ್ದು ಇನ್ನೊಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೋಜಿನ ಬೇಟೆಗೆ ಎಡೆಗೊಟ್ಟಿಲ್ಲ. ಬೆಳೆ ಹಾಳುಮಾಡುವ ಹಂದಿಯನ್ನೂ ಅಧಿಕೃತ ಅನುಮತಿಯಿದ್ದರೆ ಮಾತ್ರ ಕೊಲ್ಲಬಹುದು. ಕೋವಿಯ ಪರವಾನಗಿಯೇ ಆ ಅನುಮತಿಯಲ್ಲ. ಅನುಮತಿ ದೊರೆತು ಈಡು ಹೊಡೆಯುವ ಪ್ರಸಂಗ ಬಂದರೆ, ಆ ಜೀವಕ್ಕೆ ಸಲ್ಲಬೇಕಾದ ಕನಿಷ್ಠ ಮರ್ಯಾದೆಯೆಂದರೆ ತಡವಿಲ್ಲದ ಸಾವು. ಅದನ್ನು ಕೊಡುವ ಗುಂಡು ಕೈಯಲ್ಲಿ ಇಲ್ಲದವನು ಆ ರಾತ್ರಿ ತಗಡು ಬಡಿದು ಕೂಗುಹಾಕಿ ಹಂದಿಯನ್ನು ಓಡಿಸುವುದೇ ಲೇಸು.