ಚಿಪ್ಪಿನ ರಾಶಿಯೂ ಕೆಸರಿನ ದಾರಿಯೂ

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ರಸ್ತೆ ಕಟ್ಟುವ ವಿಚಾರವನ್ನೆತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ಗುರುಗಳಿಗೂ ಸಹಪಾಠಿಗಳಿಗೂ ತೋರಬಹುದು. ಆದರೆ ಮಳೆಗಾಲದಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಕೆಸರು ತುಳಿದು ಕಾಲೇಜಿಗೆ ಬರುವವನಿಗೆ ಆ ಅಧಿಕಾರ ಅಷ್ಟಿಷ್ಟಾದರೂ ಉಂಟೆಂದು ನಂಬಿದ್ದೇನೆ.

ನಮ್ಮ ಮನೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಅಳಿವೆಯ ದಂಡೆಯಲ್ಲಿದೆ. ನೀರು ಇಳಿದ ಹೊತ್ತಿಗೆ ನನ್ನ ತಾಯಿ ಹೊಳೆಗಿಳಿದು ಬಳಚು ಆರಿಸುತ್ತಾಳೆ. ಆ ದುಡ್ಡಿನಿಂದಲೇ ನಮ್ಮ ಮನೆತನದಲ್ಲಿ ಮೊದಲ ಬಾರಿಗೆ ಒಬ್ಬನು ಬಿ.ಎ. ತರಗತಿಯ ಮೆಟ್ಟಿಲು ಹತ್ತಿದ್ದು. ಮಾಂಸ ಮಾರಾಟವಾಗುತ್ತದೆ, ಚಿಪ್ಪು ಒಂದಷ್ಟು ಸುಣ್ಣದ ಗೂಡಿಗೆ ಹೋದರೂ ಉಳಿದದ್ದು ಹಿತ್ತಲಲ್ಲಿ ರಾಶಿ ಬಿದ್ದು ನಾರುತ್ತದೆ. ಹಿತ್ತಲಿನಾಚೆ ಗಜನಿಯ ಬದಿಯ ಜೇಡಿಮಣ್ಣಿನ ದಾರಿ ಮೊದಲ ಮಳೆಗೇ ಕುಸಿಯುತ್ತದೆ. ಕಳೆದ ಆಷಾಢದಲ್ಲಿ ಜ್ವರ ಬಂದ ಅಜ್ಜಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಡಾಂಬರು ರಸ್ತೆ ಮುಟ್ಟಿಸಿದೆವು. ಒಂದು ಕಡೆ ಬೇಡವಾದ ಚಿಪ್ಪು, ಇನ್ನೊಂದು ಕಡೆ ನಿಲ್ಲದ ಮಣ್ಣು. ಇವೆರಡಕ್ಕೂ ನಂಟು ಬೆಳೆಸಲಾಗದೆ?

ಚಿಪ್ಪಿನಲ್ಲಿ ನೂರಕ್ಕೆ 90ಕ್ಕೂ ಮೇಲ್ಪಟ್ಟು ಇರುವುದು ಕ್ಯಾಲ್ಸಿಯಂ ಕಾರ್ಬೊನೇಟು. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ನೀರು ಹೊಯ್ದರೆ ಅದು ಅರಳಿದ ಸುಣ್ಣವಾಗುತ್ತದೆ. ಈ ಸುಣ್ಣವನ್ನು ಜೇಡಿಮಣ್ಣಿಗೆ ಬೆರೆಸಿದರೆ ಮೊದಲು ಅದರ ಅಂಟು ಇಳಿಯುತ್ತದೆ. ವಾರಗಳು ಕಳೆದಂತೆ ಸುಣ್ಣವು ಮಣ್ಣಿನ ಸಿಲಿಕಾ, ಅಲ್ಯೂಮಿನಾಗಳೊಡನೆ ಕೂಡಿ ಸಿಮೆಂಟಿನಂತಹ ಬಂಧವನ್ನು ಕಟ್ಟುತ್ತದೆ. ಸುಡದೆ ಪುಡಿಮಾಡಿದ ಚಿಪ್ಪು ಸಣ್ಣ ಜಲ್ಲಿಯಂತೆ ಒತ್ತಾಸೆ ಕೊಟ್ಟೀತೇ ಹೊರತು ಈ ಬಂಧವನ್ನು ಕಟ್ಟಲಾರದು. ಸುಣ್ಣ ಬೆರೆಸಿದ ಮಣ್ಣಿನ ರಸ್ತೆ ಹಗಲುಗನಸೇನೂ ಅಲ್ಲ. ಅದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1992ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ.

ತೊಡಕುಗಳನ್ನು ಮರೆಮಾಚುವುದು ತರವಲ್ಲ. ಚಿಪ್ಪಿನ ಉಪ್ಪನ್ನು ತೊಳೆಯಬೇಕು. ಕೊಳೆತ ಎಲೆ, ಬೇರು ತುಂಬಿದ ಮಣ್ಣಿನಲ್ಲಿ ಸುಣ್ಣ ಸರಿಯಾಗಿ ಹಿಡಿಯದು. ಬರಿಯ ಮರಳಿನಲ್ಲಿ ಬಹುಮಟ್ಟಿಗೆ ವ್ಯರ್ಥ. ಆದುದರಿಂದ ಆಯಾ ಜಾಗದ ಮಣ್ಣನ್ನು ಪರೀಕ್ಷಿಸದೆ ಕೈಹಾಕಬಾರದು. ಸುಡುವಾಗ ಸೌದೆಯ ಹೊಗೆಯಲ್ಲದೆ ಚಿಪ್ಪಿನಿಂದಲೂ ಇಂಗಾಲಾಮ್ಲ ಹೊರಡುತ್ತದೆ. ಆದರೆ ಗಣಿಯ ಸುಣ್ಣದಕಲ್ಲನ್ನು ಸುಟ್ಟರೂ ಅದು ತಪ್ಪದು.

ಇವೆಲ್ಲಕ್ಕಿಂತ ದೊಡ್ಡ ಭಯವೊಂದಿದೆ. ಚಿಪ್ಪಿಗೆ ಬೆಲೆ ಬಂತೆಂದು ಹೊಳೆಯ ತಳವನ್ನೇ ಅಗೆಯಲು ಹೊರಟರೆ ಬಳಚಿನ ಸಂತಾನವೇ ಅಳಿದೀತು. ನನ್ನ ತಾಯಿಯಂಥವರ ಅನ್ನಕ್ಕೆ ಕಲ್ಲು ಬಿದ್ದೀತು. ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿರುವಾಗ ಅದರ ಒಡಲನ್ನು ಬಗೆದು ರಸ್ತೆ ಮಾಡುವುದು ಅಭಿವೃದ್ಧಿಯೆನಿಸದು. ತಿಂದು ಬಿಟ್ಟ ಚಿಪ್ಪು ಮಾತ್ರ ನಮ್ಮದು, ಹೊಳೆಯಲ್ಲಿರುವುದು ಹೊಳೆಯದು. ಈ ಗೆರೆಯನ್ನು ದಾಟಬಾರದೆಂಬುದೇ ನನ್ನ ಮುಖ್ಯವಾದ ಅಭಿಪ್ರಾಯ.

ಆ ಗೆರೆಯೊಳಗೇ ಮಾಡಬಹುದಾದದ್ದು ಬಹಳವಿದೆ. ಹಿತ್ತಲ ಚಿಪ್ಪನ್ನು ಹೆಂಗಸರಿಂದ ತೂಕಕ್ಕೆ ಬೆಲೆಕೊಟ್ಟು ಕೊಂಡು, ಬಲ್ಲ ಇಂಜಿನಿಯರರ ಮೇಲ್ವಿಚಾರಣೆಯಲ್ಲಿ ನೂರು ಮಾರು ದಾರಿಯನ್ನಾದರೂ ಕಟ್ಟಿ, ಎರಡು ಮಳೆಗಾಲ ಕಾದು ನೋಡಲಿ. ನಿಂತರೆ ಮುಂದುವರಿಸಲಿ, ಕುಸಿದರೆ ಏಕೆ ಕುಸಿಯಿತೆಂದು ತಿಳಿದುಕೊಳ್ಳಲಿ. ಹಿತ್ತಲ ಗಿಡ ಮದ್ದಲ್ಲವೆಂಬ ನಮ್ಮ ಹಳೆಯ ಚಾಳಿಗೆ ಹಿತ್ತಲ ಚಿಪ್ಪೂ ಬಲಿಯಾಗದಿರಲಿ.